ನಲವತ್ತು ವರ್ಷ ಒಂದೇ ಕುರ್ಚಿ: ಕೆನೆತ್ ಹಾನ್ ಅವರ ಸಾರ್ವಜನಿಕ ಬದುಕು

ಲಾಸ್ ಏಂಜಲೀಸ್ ಕೌಂಟಿಯ ಸರ್ಕಾರಿ ಆಸ್ಪತ್ರೆ, ಜೈಲು, ದಿಕ್ಕಿಲ್ಲದ ಮಕ್ಕಳ ಪಾಲನೆ, ಬಡವರ ಸಹಾಯಧನ ಎಲ್ಲವೂ ಐದೇ ಐದು ಮಂದಿ ಸೂಪರ್‌ವೈಸರುಗಳ ಕೈಯಲ್ಲಿ ನಡೆದುಕೊಂಡು ಬಂದಿವೆ. ನಮ್ಮ ಜಿಲ್ಲಾ ಪಂಚಾಯಿತಿಯೊಂದಿಗೆ ಹೋಲಿಸಿ ಈ ಮಂಡಳಿಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ನಿಯಮ ಮಾಡುವವರೂ ಅವರೇ, ಜಾರಿಗೆ ತರುವವರೂ ಅವರೇ. 1980ರಲ್ಲೇ ಆ ಕೌಂಟಿಯ ಜನಸಂಖ್ಯೆ ಸುಮಾರು 75 ಲಕ್ಷ ಇತ್ತು. ಅಂಥ ಐದು ಕುರ್ಚಿಗಳಲ್ಲಿ ಒಂದರಲ್ಲಿ ಕೆನೆತ್ ಹಾನ್ 1952ರಿಂದ 1992ರವರೆಗೆ ಕೂತಿದ್ದರು. ಹತ್ತು ಅವಧಿ. ಅಷ್ಟು ದೀರ್ಘಕಾಲದ ಅಧಿಕಾರವನ್ನು ಕಟ್ಟಡಗಳ ಪಟ್ಟಿ ಹಿಡಿದು ತೂಗಲಾಗದು. ಅವರು ಯಾವುದರ ಮೇಲೆ ಕಣ್ಣಿಟ್ಟರು, ಯಾವುದರ ಮೇಲೆ ಇಡಲಿಲ್ಲ ಎಂದು ನೋಡಬೇಕು.

ಹಾನ್ ಅವರ ನಿಜವಾದ ಶಕ್ತಿ ಭಾಷಣದಲ್ಲಿರಲಿಲ್ಲ, ಪತ್ರದಲ್ಲಿತ್ತು. 1953ರ ಫೆಬ್ರವರಿಯಲ್ಲಿ ಅವರು ಫೋರ್ಡ್ ಕಂಪನಿಯ ಅಧ್ಯಕ್ಷರಿಗೆ ಒಂದು ಪತ್ರ ಬರೆದರು. ಆ ಹೊತ್ತಿಗೆ ನಗರದ ಮೇಲೆ ಕವಿಯುತ್ತಿದ್ದ ಕಣ್ಣುರಿಸುವ ಹೊಗೆಗೆ ವಾಹನಗಳೇ ದೊಡ್ಡ ಕಾರಣ ಎಂದು ಕ್ಯಾಲ್‌ಟೆಕ್‌ನ ವಿಜ್ಞಾನಿ ಹಾಗೆನ್-ಸ್ಮಿಟ್ ತೋರಿಸಿದ್ದರು. ಆ ಹೊಗೆ ತಡೆಯಲು ನೀವು ಏನಾದರೂ ಸಂಶೋಧನೆ ಮಾಡುತ್ತಿದ್ದೀರಾ ಎಂಬುದಷ್ಟೇ ಹಾನ್ ಅವರ ಪ್ರಶ್ನೆ. ಮಾರ್ಚ್‌ನಲ್ಲಿ ಉತ್ತರ ಬಂತು. ಹೊಗೆ ಗಾಳಿಯಲ್ಲಿ ಬೇಗ ಕರಗಿಹೋಗುತ್ತದೆ, ಅದರಿಂದ ಮಾಲಿನ್ಯದ ಸಮಸ್ಯೆ ಇಲ್ಲ, ಆದ್ದರಿಂದ ಅಂಥ ಪ್ರಯೋಗವನ್ನೇನೂ ನಡೆಸಿಲ್ಲ ಎಂಬುದು ಅದರ ಸಾರಾಂಶ. ಬೇರೆ ಯಾರಾದರೂ ಆಗಿದ್ದರೆ ಪತ್ರಿಕಾ ಹೇಳಿಕೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಹಾನ್ ಮತ್ತೆ ಬರೆದರು. ಮುಂದಿನ ವರ್ಷವೂ ಬರೆದರು, ಜನರಲ್ ಮೋಟರ್ಸ್‌ಗೂ ಬರೆದರು. ವರ್ಷದಿಂದ ವರ್ಷಕ್ಕೆ ಅಧ್ಯಯನ ನಡೆಯುತ್ತಿದೆ ಎಂಬ ಉತ್ತರಗಳೇ ಬಂದವು. ಎಲ್ಲವನ್ನೂ ಜೋಡಿಸಿಟ್ಟು ಕೊನೆಗೆ ಕೌಂಟಿಯ ಹೆಸರಿನಲ್ಲೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಅವರ ಇಡೀ ರಾಜಕೀಯ ಜೀವನದಲ್ಲಿ ನಾನು ಅತ್ಯಂತ ಹೆಚ್ಚು ಗೌರವಿಸುವುದು ಈ ಕೆಲಸವನ್ನೇ. ಕಾರು ಕಂಪನಿಗಳಿಗೆ ಆದೇಶ ಕೊಡುವ ಅಧಿಕಾರ ಒಬ್ಬ ಕೌಂಟಿ ಸದಸ್ಯನಿಗೆ ಇರಲಿಲ್ಲ. ಆದರೆ ಅವರು ಏನು ಉತ್ತರಿಸಿದರು ಎಂಬುದನ್ನು ದಾಖಲೆ ಮಾಡಿಡುವ ತಾಳ್ಮೆ ಇತ್ತು. ಮಾಲಿನ್ಯ ತಡೆಯುವ ಸಾಧನಗಳು ಬೇಗ ಬರದಂತೆ ಕಂಪನಿಗಳೆಲ್ಲ ಒಳಗೊಳಗೆ ಕೂಡಿಕೊಂಡಿವೆ ಎಂದು 1969ರ ಜನವರಿಯಲ್ಲಿ ಕೇಂದ್ರದ ನ್ಯಾಯ ಇಲಾಖೆಯೇ ಮೊಕದ್ದಮೆ ಹೂಡಿತು. ಅದೇ ವರ್ಷ ವಿಚಾರಣೆಯಿಲ್ಲದೆ ರಾಜಿಯಾಯಿತು. ಸಾಕ್ಷ್ಯಗಳು ಬಹಿರಂಗವಾಗಬೇಕು ಎಂದು ಕೌಂಟಿ ಆಕ್ಷೇಪಿಸಿತು, ಆದರೆ ಅದು ನಡೆಯಲಿಲ್ಲ.

ಇದೇ ಹಟ ಆಂಬುಲೆನ್ಸ್ ವಿಷಯದಲ್ಲೂ ಕಾಣುತ್ತದೆ. ಆಗ ಆಂಬುಲೆನ್ಸ್ ಎಂದರೆ ರೋಗಿಯನ್ನು ಹೊತ್ತೊಯ್ಯುವ ಗಾಡಿ ಅಷ್ಟೇ. ದಾರಿಯಲ್ಲಿ ಹೃದಯ ನಿಂತರೆ ಇಂಜೆಕ್ಷನ್ ಕೊಡಲು ಅಗ್ನಿಶಾಮಕ ಸಿಬ್ಬಂದಿಗೆ ಕಾನೂನು ಬಿಡುತ್ತಿರಲಿಲ್ಲ. ಹಾರ್ಬರ್ ಜನರಲ್ ಆಸ್ಪತ್ರೆಯ ಡಾಕ್ಟರ್ ಮೈಕಲ್ ಕ್ರೈಲಿ 1969ರಲ್ಲಿ ಅಗ್ನಿಶಾಮಕ ಸಿಬ್ಬಂದಿಗೆ ತರಬೇತಿ ಕೊಟ್ಟರು. ಆದರೂ ಜೊತೆಗೊಬ್ಬ ನರ್ಸ್ ಇಲ್ಲದೆ ಅವರು ಏನೂ ಮಾಡುವಂತಿರಲಿಲ್ಲ. ಹಾನ್ ರಾಜ್ಯ ಶಾಸನಸಭೆಯ ಬೆನ್ನು ಹತ್ತಿದರು. 1970ರಲ್ಲಿ ವೆಡ್‌ವರ್ತ್-ಟೌನ್‌ಸೆಂಡ್ ಕಾಯ್ದೆ ಪಾಸಾಯಿತು, ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು. ಆಸ್ಪತ್ರೆಯಲ್ಲಿ ಕೂತ ಡಾಕ್ಟರು ರೇಡಿಯೋದಲ್ಲಿ ಹೇಳಿದ ಚಿಕಿತ್ಸೆಯನ್ನು ರಸ್ತೆಯಲ್ಲೇ ಕೊಡುವುದಕ್ಕೆ ಅಲ್ಲಿ ಅಧಿಕೃತ ದಾರಿ ಸಿಕ್ಕಿದ್ದು ಹೀಗೆ. ಫ್ರೀವೇ ಬದಿಯಲ್ಲಿ ಗಾಡಿ ಕೆಟ್ಟವರಿಗಾಗಿ ಫೋನ್ ಪೆಟ್ಟಿಗೆ ಇಡಿಸಿದ್ದೂ ಇವರೇ.

1958ರಲ್ಲಿ ಡಾಡ್ಜರ್ಸ್ ಬೇಸ್‌ಬಾಲ್ ತಂಡ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸಿಗೆ ಬಂದದ್ದನ್ನು ಅವರ ದೊಡ್ಡ ಸಾಧನೆ ಎಂದು ಎಣಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಂಡದ ಕ್ರೀಡಾಂಗಣ ಎದ್ದ ಚಾವೆಜ್ ರವೀನ್‌ನಿಂದ ಮೆಕ್ಸಿಕನ್ ಮೂಲದ ಕುಟುಂಬಗಳನ್ನು ಎಬ್ಬಿಸಲಾಗಿತ್ತು. ಮೊದಲು ಅಲ್ಲಿ ಬಡವರಿಗೆ ಸರ್ಕಾರಿ ಮನೆ ಕಟ್ಟುತ್ತೇವೆ ಎಂದಿದ್ದರು. ಮನೆ ಬರಲಿಲ್ಲ, ಆಟದ ಮೈದಾನ ಬಂತು.

1965ರಲ್ಲಿ ಕಪ್ಪು ಜನರೇ ಹೆಚ್ಚಾಗಿದ್ದ ವಾಟ್ಸ್ ಬಡಾವಣೆ ಗಲಭೆಯಲ್ಲಿ ಹೊತ್ತಿ ಉರಿಯಿತು. 34 ಜನ ಸತ್ತರು. ವಾಟ್ಸ್ ಹಾನ್ ಅವರ ಕ್ಷೇತ್ರಕ್ಕೇ ಸೇರಿತ್ತು. ಗಲಭೆಯ ಕಾರಣ ಹುಡುಕಲು ನೇಮಿಸಿದ ಮಕೋನ್ ಆಯೋಗ ಕೊಟ್ಟ ವರದಿಯಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು. ಆ ಭಾಗದಲ್ಲಿ ಒಳ್ಳೆಯ ಆಸ್ಪತ್ರೆಯೇ ಇಲ್ಲ, ಬಡವರು ಬಸ್ಸು ಬದಲಿಸಿಕೊಂಡು ದೂರದ ಜನರಲ್ ಆಸ್ಪತ್ರೆಗೆ ಹೋಗಬೇಕು. 1966ರಲ್ಲಿ ಆಸ್ಪತ್ರೆಗಾಗಿ ಸಾಲಪತ್ರದ ಪ್ರಸ್ತಾವ ಮತದಾರರ ಮುಂದೆ ಬಂದಾಗ ಬೇಕಾದ ಮೂರರಲ್ಲಿ ಎರಡು ಪಾಲು ಸಿಗಲಿಲ್ಲ. ಹಾನ್ ಬೇರೆ ದಾರಿಯಲ್ಲಿ ಹಣ ಹೊಂದಿಸಿದರು. 1972ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಆಸ್ಪತ್ರೆ ಬಾಗಿಲು ತೆರೆಯಿತು. ಬಿಳಿಯ ರಾಜಕಾರಣಿಯೊಬ್ಬರು ಕಪ್ಪು ಜನರ ಮತದಿಂದ ಇಷ್ಟು ಸಲ ಗೆದ್ದದ್ದರ ಹಿಂದೆ ಇಂಥ ಕೆಲಸಗಳಿದ್ದವು. 1961ರಲ್ಲಿ ಕಿಂಗ್ ಆ ನಗರಕ್ಕೆ ಬಂದಾಗ ಹೋಗಿ ಸ್ವಾಗತಿಸಿದ ಚುನಾಯಿತ ಪ್ರತಿನಿಧಿಯೂ ಇವರೇ ಆಗಿದ್ದರು.

ನನ್ನ ತಕರಾರು ಇರುವುದೂ ಇದೇ ಆಸ್ಪತ್ರೆಯ ಬಗ್ಗೆ. ಹಾನ್ ಇನ್ನೂ ಕುರ್ಚಿಯಲ್ಲಿದ್ದಾಗಲೇ, 1980ರ ದಶಕದ ಕೊನೆಗೆ, ಅಲ್ಲಿನ ಚಿಕಿತ್ಸೆಯ ಲೋಪಗಳು ಪತ್ರಿಕೆಗೆ ಬಂದಿದ್ದವು. ಆಸ್ಪತ್ರೆ ಒಂದು ಸಮುದಾಯದ ಹೆಮ್ಮೆಯಾಗಿತ್ತು. ಅದನ್ನು ಟೀಕಿಸುವುದು ಸಮುದಾಯವನ್ನೇ ಟೀಕಿಸಿದಂತೆ ಎಂಬ ಭಾವನೆ ಇತ್ತು. ಆಸ್ಪತ್ರೆ ತಂದುಕೊಟ್ಟವರಿಗಿಂತ ಗಟ್ಟಿಯಾಗಿ ಆ ಭಾವನೆಯನ್ನು ಎದುರಿಸಬಲ್ಲವರು ಬೇರಾರೂ ಇರಲಿಲ್ಲ. ಕಾರು ಕಂಪನಿಗಳಿಗೆ ಪ್ರಶ್ನೆ ಕೇಳಿದ ಆ ಹಟದಿಂದ ತಮ್ಮ ಆಸ್ಪತ್ರೆಯ ವಾರ್ಡುಗಳನ್ನು ಪ್ರಶ್ನಿಸಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. 2004ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಅಲ್ಲಿ ರೋಗಿಗಳು ತಪ್ಪು ಚಿಕಿತ್ಸೆಯಿಂದ ಸತ್ತದ್ದನ್ನು ಸರಣಿಯಾಗಿ ಬಯಲಿಗೆಳೆಯಿತು, ಪುಲಿಟ್ಜರ್ ಪಡೆಯಿತು. 2007ರಲ್ಲಿ ಆಸ್ಪತ್ರೆ ಮುಚ್ಚಿತು. ಹಾನ್ ತೀರಿಕೊಂಡು ಹತ್ತು ವರ್ಷವಾಗಿತ್ತು, ಹೊಣೆಯ ದೊಡ್ಡ ಪಾಲು ಆಮೇಲೆ ಬಂದ ಮಂಡಳಿಗಳದ್ದೇ. ಆದರೂ ಕಣ್ಣು ಮುಚ್ಚಿಕೊಳ್ಳುವ ರೂಢಿ ಶುರುವಾದದ್ದು ಮೊದಲೇ. 2015ರಲ್ಲಿ ಮತ್ತೆ ತೆರೆದ ಆಸ್ಪತ್ರೆಯನ್ನು ಕೌಂಟಿ ತಾನು ನಡೆಸದೆ ಲಾಭರಹಿತ ಸಂಸ್ಥೆಯೊಂದಕ್ಕೆ ಒಪ್ಪಿಸಿತು.

ಇನ್ನೊಂದು ಕಳಂಕವನ್ನು ಅವರ ಅಭಿಮಾನಿಗಳು ಬೇಗ ದಾಟಿ ಹೋಗುತ್ತಾರೆ. 1980ರ ಜನಗಣತಿಯ ಪ್ರಕಾರ ಕೌಂಟಿಯಲ್ಲಿ ಸುಮಾರು 20 ಲಕ್ಷ ಲ್ಯಾಟಿನೋ ಜನರಿದ್ದರು. ಮಂಡಳಿಯಲ್ಲಿ 1875ರಿಂದ ಈಚೆಗೆ ಅವರ ಪೈಕಿ ಒಬ್ಬರೂ ಇರಲಿಲ್ಲ. 1981ರಲ್ಲಿ ಹಾನ್ ಇದ್ದ ಮಂಡಳಿ ಗಡಿ ಎಳೆದಾಗ ಆ ಮತಗಳು ಬೇರೆ ಬೇರೆ ಕ್ಷೇತ್ರಗಳಿಗೆ ಹರಿದು ಹಂಚಿಹೋದವು. ಕುರ್ಚಿ ಉಳಿಸಿಕೊಳ್ಳುವ ಹಂಬಲದಿಂದ, ಪರಿಣಾಮ ಗೊತ್ತಿದ್ದೇ ಹೀಗೆ ಮಾಡಿದ್ದು ಎಂದು 1990ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಹೊಸ ಗಡಿಯಲ್ಲಿ 1991ರಲ್ಲಿ ಗ್ಲೋರಿಯಾ ಮೊಲಿನಾ ಗೆದ್ದರು. ಒಂದು ಸಮುದಾಯದ ದನಿಗೆ ಅಷ್ಟು ಕಿವಿಗೊಟ್ಟವರು ಇನ್ನೊಂದರ ವಿಷಯದಲ್ಲಿ ಹೀಗಾದದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

1980ರ ಅರ್ಧ ಸೆಂಟ್ ಮಾರಾಟ ತೆರಿಗೆಯನ್ನು ಮಾತ್ರ ಮರೆಯಬಾರದು. ಹಾನ್ ಮುಂದೆ ನಿಂತು ತಂದ ಆ ಪ್ರಸ್ತಾವಕ್ಕೆ ಶೇ. 54ರಷ್ಟು ಮತ ಬಿತ್ತು. ಬಸ್ ದರ ಮೂರು ವರ್ಷ 50 ಸೆಂಟ್‌ಗೆ ಇಳಿಯಿತು, ಬಸ್ಸುಗಳು ತುಂಬಿದವು. ಉಳಿದ ಹಣದಿಂದ 1990ರಲ್ಲಿ ಲಾಂಗ್ ಬೀಚ್‌ಗೆ ರೈಲು ಬಂತು, ಅದೂ ವಾಟ್ಸ್ ಮೂಲಕ.

1987ರಲ್ಲಿ ಪಾರ್ಶ್ವವಾಯು ಹೊಡೆದು ಗಾಲಿಕುರ್ಚಿ ಹಿಡಿದ ಮೇಲೂ ಅವರು 1988ರಲ್ಲಿ ಮತ್ತೆ ನಿಂತು ಗೆದ್ದರು. ಆ ಸಲ ಬಿಟ್ಟುಕೊಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. 2002ರಲ್ಲಿ ಮತದಾರರು ಸೂಪರ್‌ವೈಸರುಗಳಿಗೆ ಮೂರೇ ಅವಧಿ, ಅಂದರೆ 12 ವರ್ಷ ಎಂದು ಮಿತಿ ಹಾಕಿದರು. 2024ರಲ್ಲಿ ಐದು ಕುರ್ಚಿಗಳನ್ನು ಒಂಬತ್ತು ಮಾಡಲೂ ಒಪ್ಪಿದರು. ಎರಡೂ ಸರಿಯಾದ ತೀರ್ಮಾನಗಳೇ. ಆದರೆ ಕಾರು ಕಂಪನಿಗಳೊಂದಿಗಿನ ಜಟಾಪಟಿ 1953ರಲ್ಲಿ ಶುರುವಾಗಿ ನ್ಯಾಯಾಲಯ ಮುಟ್ಟುವ ಹೊತ್ತಿಗೆ 16 ವರ್ಷ ಕಳೆದಿತ್ತು. ಅಂಥ ಫೈಲನ್ನು ಹನ್ನೆರಡನೇ ವರ್ಷಕ್ಕೆ ಮುಂದಿನವರ ಕೈಗೆ ಒಪ್ಪಿಸಿ, ಅವರೂ ಅಷ್ಟೇ ಹಟದಿಂದ ಬರೆಯುವಂತೆ ಮಾಡುವ ಏರ್ಪಾಟನ್ನು ಹಾನ್ ಕಟ್ಟಲಿಲ್ಲ. ಅವರ ನಂತರ ಬಂದವರೂ ಅದಕ್ಕೆ ಕೈ ಹಾಕಿದಂತೆ ಕಾಣುವುದಿಲ್ಲ.