ಬಿದ್ದ ದೊರೆಗೆ ಪಿಂಚಣಿ, ಎದ್ದ ರೈತನಿಗೆ ನೇಣು

2025ರ ನವೆಂಬರ್ 17ರಂದು ಢಾಕಾದ ನ್ಯಾಯಮಂಡಳಿ ಶೇಖ್ ಹಸೀನಾ ಅವರಿಗೆ ಮರಣದಂಡನೆ ವಿಧಿಸಿತು. ಆಕೆ ಕಟಕಟೆಯಲ್ಲಿ ಇರಲಿಲ್ಲ. 2024ರ ಆಗಸ್ಟ್ 5ರಂದೇ ಗದ್ದುಗೆ ಬಿಟ್ಟು ಭಾರತಕ್ಕೆ ಬಂದಿದ್ದರು. ಆ ಜುಲೈ-ಆಗಸ್ಟಿನ ವಿದ್ಯಾರ್ಥಿ ದಂಗೆಯಲ್ಲಿ ಸತ್ತವರು 1,400ರಷ್ಟು ಇರಬಹುದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ವರದಿ ಹೇಳುತ್ತದೆ. ತೀರ್ಪು ಬಂದ ಮೇಲೆ ನಮ್ಮ ಗೆಳೆಯರಲ್ಲೂ ಎರಡು ಪಂಗಡ ಆಯಿತು. ನೇಣಿಗೆ ಹಾಕಬೇಕು ಅನ್ನೋರು ಒಂದು ಕಡೆ, ಸಾಯೋ ತನಕ ಜೈಲಿನಲ್ಲಿ ಕೊಳೆಯಬೇಕು ಅನ್ನೋರು ಇನ್ನೊಂದು ಕಡೆ.

ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಗೇಟುಗಳಲ್ಲಿ ನಿಲ್ಲೋ ಸೆಕ್ಯುರಿಟಿ ಹುಡುಗರು, ಕಕ್ಕಸು ತೊಳೆಯೋ ಹೆಂಗಸರು, ರಾಯಚೂರು-ಕೊಪ್ಪಳದಿಂದ ಕಟ್ಟಡದ ಕೆಲಸಕ್ಕೆ ಬಂದವರು, ಇವರಿಗೆ ಈ ವಾದ ದೂರದ್ದಲ್ಲ. ಜೈಲು ಇಲ್ಲಿಂದ ನಾಲ್ಕು ಹೆಜ್ಜೆ. ಒಂದು ಕಡೆ ಕೋನಪ್ಪನ ಅಗ್ರಹಾರ, ಇನ್ನೊಂದು ಕಡೆ ಪರಪ್ಪನ ಅಗ್ರಹಾರ. ಅಗ್ರಹಾರ ಅಂದರೆ ದೊರೆ ಬ್ರಾಹ್ಮಣರಿಗೆ ದತ್ತಿ ಬಿಟ್ಟ ಊರು. ಈಗ ಒಂದು ಅಗ್ರಹಾರದಲ್ಲಿ ಕಂಪನಿ, ಇನ್ನೊಂದರಲ್ಲಿ ಸೆಂಟ್ರಲ್ ಜೈಲು. ಎರಡರಲ್ಲೂ ಕಸ ಗುಡಿಸೋರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬಿದ್ದ ಸರ್ವಾಧಿಕಾರಿಯನ್ನ ಏನು ಮಾಡಬೇಕು ಅನ್ನೋ ಪ್ರಶ್ನೆಯನ್ನ ಕನ್ನಡದ ಒಂದು ದೊಡ್ಡ ಕಾದಂಬರಿ ಎತ್ತಿಕೊಂಡಿದೆ. ಅದು ಮಾಸ್ತಿಯವರ 'ಚಿಕವೀರ ರಾಜೇಂದ್ರ'. 1956ರಲ್ಲಿ ಬಂತು, 1983ರಲ್ಲಿ ಜ್ಞಾನಪೀಠ ತಂದುಕೊಟ್ಟಿತು. ಕೊಡಗಿನ ಕೊನೆಯ ದೊರೆಯ ಕ್ರೌರ್ಯವನ್ನ ಮಾಸ್ತಿ ಮುಚ್ಚಿಟ್ಟಿಲ್ಲ. ಅವನ ಕುಡಿತ, ಹೆಣ್ಣುಗಳ ಮೇಲಿನ ದೌರ್ಜನ್ಯ, ಸ್ವಂತ ರಕ್ತಸಂಬಂಧದ ಕೊಲೆ ಎಲ್ಲಾ ಅಲ್ಲಿವೆ. ಕಲೆಗಾರಿಕೆಯ ದೃಷ್ಟಿಯಿಂದ ಅದು ದೊಡ್ಡ ಕೃತಿ ಅನ್ನೋದರಲ್ಲಿ ತಕರಾರಿಲ್ಲ. ನಮ್ಮ ತಕರಾರು ಬೇರೆ. ಈ ದೊರೆಯನ್ನ ಏನು ಮಾಡಬೇಕು ಅಂತ ಅಲ್ಲಿ ಚರ್ಚೆ ಮಾಡೋರು ಯಾರು? ಮಂತ್ರಿ ಬೋಪಣ್ಣ, ಮಂತ್ರಿ ಲಕ್ಷ್ಮೀನಾರಾಯಣಯ್ಯ, ರಾಣಿ ಗೌರಮ್ಮ, ಆಮೇಲೆ ಇಂಗ್ಲಿಷರು. ದೊರೆಯ ಅನ್ಯಾಯ ಉಂಡ ಕೇರಿ ಆ ಸಭೆಯಲ್ಲಿ ಇಲ್ಲ. ಕೊಡಗಿನ ಹೊಲೆಯರು ಆಗ ಭೂಮಿಯ ಜತೆಗೆ ಕೈಬದಲಾಗೋ ಆಳುಗಳಾಗಿದ್ದರು. ದೊರೆ ಬಿದ್ದ ದಿನ ಅವರ ಜೀತ ಬೀಳಲಿಲ್ಲ. ಗುಲಾಮಗಿರಿ ಕಾನೂನಿನ ಕಾಗದದಲ್ಲಿ ಹೋಗೋದಕ್ಕೇ 1843 ಬರಬೇಕಾಯಿತು.

ಕೆಳಗಿನಿಂದ ಮೇಲೆ ಬಂದವನು ಅಂತ ಆ ಕಾದಂಬರಿಯಲ್ಲಿ ಇರೋದು ಕುಂಟ ಬಸವ ಒಬ್ಬ. ಅರಮನೆಯ ನಾಯಿ ನೋಡಿಕೊಳ್ಳುತ್ತಿದ್ದ ಹುಡುಗ ಮಂತ್ರಿಯಾದವನು. ಮೇಲಿನವರಿಗೆಲ್ಲ ಅವನನ್ನ ಕಂಡರೆ ಅಸಹ್ಯ. ಕೊನೆಗೆ ಕಾದಂಬರಿ ಅವನಿಗೆ ಏನು ಮಾಡುತ್ತದೆ? ಅವನೂ ರಾಜವಂಶದ ರಕ್ತವೇ ಅಂತ ಬಯಲು ಮಾಡುತ್ತದೆ! ಅಧಿಕಾರದ ಹತ್ತಿರ ಬರೋದಕ್ಕೆ ಕಥೆಯಲ್ಲೂ ಹುಟ್ಟಿನ ಸರ್ಟಿಫಿಕೇಟು ಬೇಕು. ಹಾಗಿದ್ದೂ ದೊರೆಯ ಪತನದಲ್ಲಿ ಉಳಿಯದೆ ಹೋಗೋನು ಬಸವ, ಉಳಿಯೋನು ದೊರೆ.

ಚರಿತ್ರೆ ನೋಡೋಣ. 1834ರ ಏಪ್ರಿಲ್‌ನಲ್ಲಿ ಇಂಗ್ಲಿಷರ ಸೈನ್ಯ ಮಡಿಕೇರಿಗೆ ಬಂತು. ದೊರೆ ಪದಚ್ಯುತನಾದ. ಅವನ ಮೇಲೆ ವಿಚಾರಣೆ ನಡೀತಾ? ಇಲ್ಲ. ಅವನು ಕೊಲ್ಲಿಸಿದವರ ಹೆಂಡತಿ ಮಕ್ಕಳನ್ನ ಯಾರಾದರೂ ಕರೆದು ಕೇಳಿದರಾ? ಇಲ್ಲ. ಪಿಂಚಣಿ ಕೊಟ್ಟು ಕಾಶಿಗೆ ಕಳಿಸಿದರು. 1852ರಲ್ಲಿ ಅವನು ಲಂಡನ್ನಿಗೆ ಹೋದ. ಮಗಳು ಗೌರಮ್ಮನಿಗೆ ವಿಕ್ಟೋರಿಯಾ ರಾಣಿಯೇ ನಿಂತು ಕ್ರೈಸ್ತ ದೀಕ್ಷೆ ಕೊಡಿಸಿದಳು. 1859ರಲ್ಲಿ ಅವನು ಹಾಸಿಗೆಯ ಮೇಲೆ ಸತ್ತ.

ಇದೇ ಹೊತ್ತಿಗೆ ಇತ್ತ ಏನಾಯಿತು? ಇಂಗ್ಲಿಷರು ಅಮರ ಸುಳ್ಯ ಸೀಮೆಯನ್ನ ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿದರು. ಕಂದಾಯವನ್ನ ದವಸದ ಬದಲು ರೊಕ್ಕದಲ್ಲಿ ಕೇಳಿದರು. ರೊಕ್ಕ ಎಲ್ಲಿಂದ ತರಬೇಕು? 1837ರಲ್ಲಿ ರೈತರು ಎದ್ದರು. ಮಂಗಳೂರಿನವರೆಗೂ ನುಗ್ಗಿ ಹದಿಮೂರು ದಿನ ಹಿಡಿದುಕೊಂಡರು. ದಂಗೆ ಮುರಿದ ಮೇಲೆ ಅದೇ ವರ್ಷದ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡನನ್ನ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಮಂಗಳೂರಿನಲ್ಲೂ ನೇಣುಗಂಬಗಳು ಎದ್ದವು. ಜನರನ್ನ ಕೊಂದ ದೊರೆಗೆ ಪಿಂಚಣಿ, ಕಂದಾಯ ಕಟ್ಟೋಕಾಗದೆ ಎದ್ದವನಿಗೆ ಹಗ್ಗ. ಮಾಸ್ತಿಯವರ ಕಥೆ ದೊರೆಯ ಹಿಂದೆ ಲಂಡನ್ ದಾರಿ ಹಿಡಿಯುತ್ತದೆ, ಸುಳ್ಯದ ದಾರಿ ಹಿಡಿಯೋದಿಲ್ಲ.

ಇದರಲ್ಲಿ ಇನ್ನೂ ಒಂದು ಕಹಿ ಇದೆ. ಆ ರೈತರು ಎದ್ದದ್ದು ಯಾರ ಹೆಸರಿನಲ್ಲಿ? ಕಲ್ಯಾಣಸ್ವಾಮಿ ಅನ್ನೋ ಹೆಸರಿನಲ್ಲಿ, ಅದೇ ಹಳೇ ರಾಜವಂಶದ ಕುಡಿ ಅಂತ ಹೇಳಿಕೊಂಡು. ಮೂರೇ ವರ್ಷದಲ್ಲಿ ಬಿದ್ದ ಮನೆತನ ಜನರ ಬಾಯಲ್ಲಿ ಧರ್ಮರಾಜನ ಮನೆತನ ಆಗಿತ್ತು! ಯಾಕೆ? ದೊರೆಯ ಅಪರಾಧಗಳನ್ನ ಬಯಲಲ್ಲಿ ಇಟ್ಟು ಜನರ ಎದುರು ಲೆಕ್ಕ ಕೇಳಿರಲಿಲ್ಲ. ಲೆಕ್ಕ ಕೇಳದೆ ಇಳಿಸಿದ ದೊರೆ ಮತ್ತೆ ಹತ್ತುತ್ತಾನೆ. ಅವನು ಹತ್ತದಿದ್ದರೆ ಅವನ ಹೆಸರು ಹತ್ತುತ್ತದೆ.

ಇದು ಹಳೇ ಕಾಲದ ಮಾತು ಅಂತ ಯಾರಾದರೂ ಅಂದರೆ, ನಮ್ಮ ಚಳವಳಿ ಹುಟ್ಟಿದ ಕಾಲಕ್ಕೇ ಬನ್ನಿ. 21 ತಿಂಗಳ ತುರ್ತುಪರಿಸ್ಥಿತಿ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲಿನಲ್ಲಿ, ಈಗ ಫ್ರೀಡಂ ಪಾರ್ಕ್ ಆಗಿರೋ ಜಾಗದಲ್ಲಿ, ಉಬ್ಬಸದ ರೋಗಿ ಸ್ನೇಹಲತಾ ರೆಡ್ಡಿಯವರನ್ನ ಎಂಟು ತಿಂಗಳು ಕೂಡಿಹಾಕಿದರು. ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ಆಕೆ ತೀರಿಕೊಂಡರು. ಮಾರ್ಚಿಯಲ್ಲಿ ಇಂದಿರಾಗಾಂಧಿ ಸೋತರು. ಅಕ್ಟೋಬರ್ 3ರಂದು ಅವರನ್ನ ಬಂಧಿಸಿದರು. ಯಾವ ಆಪಾದನೆ ಮೇಲೆ? ಚುನಾವಣೆಗೆ ಜೀಪು ಪಡೆದದ್ದು, ಎಣ್ಣೆ ಕಂಪನಿಯ ಗುತ್ತಿಗೆ! ತುರ್ಕ್‌ಮನ್ ಗೇಟಿನಲ್ಲಿ ಉರುಳಿದ ಗುಡಿಸಲುಗಳ ಮಾತಿಲ್ಲ, ಹಳ್ಳಿಗಾಡಿನಲ್ಲಿ ಹಿಡಿದೆಳೆದು ಮಾಡಿದ ಸಂತಾನಹರಣದ ಮಾತಿಲ್ಲ, ಸ್ನೇಹಲತಾ ಹೆಸರಿಲ್ಲ. ಮಾರನೇ ದಿನವೇ ಮ್ಯಾಜಿಸ್ಟ್ರೇಟರು ಬಿಟ್ಟುಬಿಟ್ಟರು. 1978ರ ನವೆಂಬರ್‌ನಲ್ಲಿ ನಮ್ಮ ಚಿಕ್ಕಮಗಳೂರೇ ಅವರನ್ನ ಗೆಲ್ಲಿಸಿ ಕಳಿಸಿತು. ಆ ಡಿಸೆಂಬರಿನಲ್ಲಿ ಲೋಕಸಭೆ ಅವರನ್ನ ಹೊರಹಾಕಿ ಒಂದು ವಾರ ತಿಹಾರ್ ಜೈಲಿಗೆ ಹಾಕಿತು. 1980ರಲ್ಲಿ ಮತ್ತೆ ಪ್ರಧಾನಿ.

ಚಿಕ್ಕಮಗಳೂರಿನ ಬಡವರನ್ನ ದಡ್ಡರು ಅನ್ನಬೇಡಿ. ಅರಸು ಸರ್ಕಾರದ ಭೂಸುಧಾರಣೆ ಅವರ ಕಣ್ಣ ಮುಂದಿತ್ತು. ಎದುರಿಗೆ ನಿಂತವರು ಅವರಿಗೆ ಜಮೀನ್ದಾರರ ಕಡೆಯವರಾಗಿ ಕಂಡರು. ಜೀಪಿನ ಕೇಸು ಯಾವ ಕೂಲಿಯವನ ಎದೆಗೆ ತಾಗೀತು?

ಹಾಗಾದರೆ ನೇಣು ಹಾಕಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತೇ? ಇರಾಕಿನ ಸದ್ದಾಂ ಹುಸೇನನನ್ನ 2006ರ ಡಿಸೆಂಬರ್ 30ರಂದು ನೇಣಿಗೆ ಹಾಕಿದರು. ಅದು ದುಜೈಲ್ ಊರಿನ 148 ಜನರ ಕೊಲೆಗೆ. ಆ ಹೊತ್ತಿಗೆ ಇನ್ನೊಂದು ವಿಚಾರಣೆ ಅರ್ಧದಲ್ಲಿತ್ತು. 1988ರಲ್ಲಿ ಕುರ್ದರ ಹಳ್ಳಿಗಳನ್ನ ಸುಟ್ಟು, ವಿಷಗಾಳಿ ಬಿಟ್ಟು, ಕನಿಷ್ಠ 50,000 ಜನರನ್ನ ಕೊಂದ ಕೇಸು. ಬದುಕುಳಿದವರು ಬಂದು ಸಾಕ್ಷಿ ಹೇಳುತ್ತಾ ಇದ್ದರು. ಹಗ್ಗ ಬಿತ್ತು, ಆ ಕೇಸಿನಿಂದ ಸದ್ದಾಮನ ಹೆಸರು ಹೊಡೆದುಹಾಕಿದರು. 'ಹೌದು, ಇವನೇ ಮಾಡಿದ' ಅನ್ನೋ ತೀರ್ಪಿನ ಒಂದು ವಾಕ್ಯ ಆ ಜನಕ್ಕೆ ಸಿಗಲೇ ಇಲ್ಲ. ನೇಣು ಸರ್ವಾಧಿಕಾರಿಯ ಜತೆಗೆ ಸಾಕ್ಷಿಯ ಬಾಯನ್ನೂ ಮುಚ್ಚುತ್ತದೆ.

ಢಾಕಾದ ಹಗ್ಗಕ್ಕೂ ಒಂದು ಕಥೆ ಇದೆ. 2013ರ ಫೆಬ್ರುವರಿಯಲ್ಲಿ ಇದೇ ನ್ಯಾಯಮಂಡಳಿ 1971ರ ಅಪರಾಧಗಳಿಗಾಗಿ ಅಬ್ದುಲ್ ಖಾದರ್ ಮೊಲ್ಲಾಗೆ ಜೀವಾವಧಿ ಕೊಟ್ಟಿತ್ತು. ಶಾಹ್‌ಬಾಗ್ ಚೌಕದಲ್ಲಿ ಸೇರಿದ ಜನ ನೇಣೇ ಬೇಕು ಅಂದರು. ಹಸೀನಾ ಸರ್ಕಾರ ಕಾನೂನನ್ನೇ ತಿದ್ದಿತು. ಅಪೀಲಿನಲ್ಲಿ ಜೀವಾವಧಿ ಮರಣದಂಡನೆ ಆಯಿತು. ಡಿಸೆಂಬರ್ 12ರಂದು ಗಲ್ಲಿಗೇರಿಸಿದರು. ಮೊಲ್ಲಾನ ಅಪರಾಧ ಸಣ್ಣದಲ್ಲ. ಆದರೆ ಅವತ್ತು ಉದ್ದ ಮಾಡಿದ ಹಗ್ಗ ಇವತ್ತು ಎಲ್ಲಿಗೆ ಬಂತು ನೋಡಿ. ಹಗ್ಗಕ್ಕೆ ಪಕ್ಷ ಇಲ್ಲ. ಅದು ಗದ್ದುಗೆ ಮೇಲಿರೋರ ಕೈಯಲ್ಲಿರುತ್ತದೆ.

ಗದ್ದುಗೆ ಮೇಲಿರೋರ ಕೈಯಲ್ಲಿರೋ ಹಗ್ಗ ದಿನನಿತ್ಯ ಬೀಳೋದು ಯಾರ ಕುತ್ತಿಗೆಗೆ? ಈ ದೇಶದ ಮರಣದಂಡನೆ ಕೈದಿಗಳ ಬಗ್ಗೆ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ವರದಿ ತಂದಿತು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಬಡವರು. ಮುಕ್ಕಾಲು ಪಾಲು ಜನ ಹಿಂದುಳಿದವರು, ದಲಿತರು, ಆದಿವಾಸಿಗಳು, ಅಲ್ಪಸಂಖ್ಯಾತರು. ಬಾಬಾಸಾಹೇಬರು ಇದನ್ನೆಲ್ಲ ಅಂಕಿಅಂಶ ಇಲ್ಲದೆಯೇ ಅರಿತಿದ್ದರೋ ಏನೋ. 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಮರಣದಂಡನೆಯನ್ನ ಪೂರ್ತಿ ತೆಗೆದುಹಾಕೋದೇ ಈ ದೇಶಕ್ಕೆ ತಕ್ಕದ್ದು ಅಂತ ಹೇಳಿದರು. ಸರ್ವಾಧಿಕಾರಿಗೆ ಅಂತ ನೇಣುಗಂಬ ನಿಲ್ಲಿಸಿದರೆ ಅದು ಅವನು ಹೋದ ಮೇಲೂ ನಿಂತಿರುತ್ತದೆ. ಆಮೇಲೆ ಅದಕ್ಕೆ ಕೆಲಸ ಬೇಕಲ್ಲ!

'ಸಾವಿರ ಜನರನ್ನ ಕೊಂದವನಿಗೆ ನಮ್ಮ ದುಡ್ಡಿನಲ್ಲಿ ಮುದ್ದೆ ಯಾಕೆ?' ಅಂತ ಕೇಳೋ ತಾಯಿಯ ಸಿಟ್ಟು ನ್ಯಾಯದ ಸಿಟ್ಟು. ಜೀವಾವಧಿ ಅಂದರೆ ಹದಿನಾಲ್ಕು ವರ್ಷಕ್ಕೆ ಹಾರ ಹಾಕಿಸಿಕೊಂಡು ಬರೋದು ಅನ್ನೋ ಅನುಮಾನವೂ ಸುಳ್ಳಲ್ಲ. ಆದರೆ ಸಾಯೋ ತನಕ ಬಿಡುಗಡೆ ಇಲ್ಲ ಅನ್ನೋ ಜೀವಾವಧಿಯನ್ನ ಸುಪ್ರೀಂ ಕೋರ್ಟು 2008ರಲ್ಲಿ ಬೆಂಗಳೂರಿನದೇ ಒಂದು ಕೊಲೆ ಕೇಸಿನಲ್ಲಿ, ಸ್ವಾಮಿ ಶ್ರದ್ಧಾನಂದನ ಕೇಸಿನಲ್ಲಿ, ಕೊಟ್ಟಿದೆ. ಇದಕ್ಕಿಂತ ಕಷ್ಟದ ಪ್ರಶ್ನೆ ಎಂಥಾ ಜೈಲು ಅನ್ನೋದು. 2017ರ ಜುಲೈನಲ್ಲಿ ಪರಪ್ಪನ ಅಗ್ರಹಾರದಲ್ಲಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಅಂತ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ವರದಿ ಕೊಟ್ಟರು. ದೊಡ್ಡವರಿಗೆ ಜೈಲೂ ಅಗ್ರಹಾರವೇ ಆಗೋದಾದರೆ ಜೀವಾವಧಿ ಅಂದರೆ ಇನ್ನೊಂದು ಹೆಸರಿನ ಪಿಂಚಣಿ, 1834ರದ್ದೇ ಕಥೆ. ಅದಕ್ಕೇ ನಮ್ಮ ಬೇಡಿಕೆ ಸ್ಪಷ್ಟ ಇರಬೇಕು. ಹಗ್ಗ ಬೇಡ. ಎಲ್ಲರ ಸೆಲ್ಲು, ಎಲ್ಲರ ತಟ್ಟೆ. ಒಂದೊಂದು ಕೊಲೆಗೂ ಒಂದೊಂದು ವಿಚಾರಣೆ, ಸಾಕ್ಷಿ ಮುಗಿಯೋ ತನಕ.

ನಮ್ಮ ಊರುಗಳ ಸರ್ವಾಧಿಕಾರಿಗಳಿಗೂ ಇದೇ ಅಳತೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದವು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ನೇಣೋ ಜೈಲೋ ಅನ್ನೋ ಪ್ರಶ್ನೆಯೇ ಏಳಲಿಲ್ಲ. ಮರಕುಂಬಿಯಲ್ಲಿ ಹಾಗಾಗಲಿಲ್ಲ. 2014ರಲ್ಲಿ ಅಲ್ಲಿ ಕೇರಿಗೆ ಬೆಂಕಿ ಇಟ್ಟ ಕೇಸಿನಲ್ಲಿ 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು, ನಿಜ. ಆದರೂ ಹತ್ತು ವರ್ಷ ಬೆದರದೆ ನಿಂತು ಸಾಕ್ಷಿ ಹೇಳಿದ ಆ ಕೇರಿಯ ಜನ ತಮ್ಮ ಮೇಲೆ ನಡೆದದ್ದು ಅಪರಾಧ ಅಂತ ಕೋರ್ಟಿನ ಬಾಯಲ್ಲಿ ಹೇಳಿಸಿದರು. ಯಾವ ಹಗ್ಗವೂ ಕೊಡಲಾರದ್ದು ಇದು.

ಮೇಷ್ಟ್ರುಗಳೆ, ಮಕ್ಕಳಿಗೆ 1834 ಹೇಳುವಾಗ 1837ನ್ನೂ ಹೇಳಿ. 'ಚಿಕವೀರ ರಾಜೇಂದ್ರ' ಓದಿಸಿ, ಓದಿಸಿದ ಮೇಲೆ ಈ ಕಥೆಯಲ್ಲಿ ಸಾಕ್ಷಿ ಹೇಳೋಕೆ ಯಾರನ್ನ ಕರೆದಿಲ್ಲ ಅಂತ ಕೇಳಿ. ಮಕ್ಕಳು ಕೊಡೋ ಹೆಸರುಗಳ ಪಟ್ಟಿಯಿಂದಲೇ ನಮ್ಮ ವಿಮರ್ಶೆ ಶುರುವಾಗಬೇಕು.