ಪ್ರಯೋಗಶಾಲೆಯ ಇಲಿಯೂ ಶ್ರಾವಕನ ಅಣುವ್ರತವೂ

ಕೀಟನಾಶಕದ ಪ್ರತಿಯೊಂದು ಡಬ್ಬಿಯ ಮೇಲೂ ವಜ್ರಾಕಾರದ ಒಂದು ಚೌಕವಿರುತ್ತದೆ. ಅದರ ಕೆಳಗಿನ ತ್ರಿಕೋನಕ್ಕೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ. ಕೆಂಪು ಅತ್ಯಂತ ವಿಷಕಾರಿ, ಹಸಿರು ಅಲ್ಪ ವಿಷಕಾರಿ ಎಂಬಷ್ಟನ್ನು ಕೊಳ್ಳುವ ರೈತನೂ ಮಾರುವ ವರ್ತಕನೂ ಬಲ್ಲರು. ಆದರೆ ಈ ಬಣ್ಣವು ನಿಶ್ಚಯವಾದ ಬಗೆ ಹೇಗೆಂದು ವಿಚಾರಿಸುವವರು ವಿರಳ. 1971ರ ಕೀಟನಾಶಕ ನಿಯಮಗಳ ಪ್ರಕಾರ, ಪ್ರಯೋಗಕ್ಕೊಳಗಾದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಎಷ್ಟು ಮಿಲಿಗ್ರಾಂ ವಿಷ ಬೇಕಾಯಿತೆಂಬ ಲೆಕ್ಕವೇ ಅದಕ್ಕೆ ಆಧಾರ. ಬಾಯಿಯ ಮೂಲಕ ಕೊಟ್ಟ ವಿಷಕ್ಕೆ 50 ಮಿಲಿಗ್ರಾಂವರೆಗೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದನ್ನು ಮೀರಿದರೆ ಹಸಿರು. ಆ ಪ್ರಾಣಿಗಳು ಬಹುಮಟ್ಟಿಗೆ ಇಲಿಗಳು. ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತ ಬಣ್ಣಗಳು ಮೂಕಜೀವಿಗಳ ಮರಣದ ಲೆಕ್ಕಪತ್ರವೆಂದರೆ ಅತಿಶಯೋಕ್ತಿಯಲ್ಲ.

ಈ ಲೆಕ್ಕವನ್ನು ಬ್ರಿಟನ್ನಿನ ಜೆ. ಡಬ್ಲ್ಯೂ. ಟ್ರೆವನ್ ಎಂಬ ವಿಜ್ಞಾನಿ 1927ರಲ್ಲಿ ರೂಪಿಸಿದರು. ಡಿಜಿಟಾಲಿಸ್, ಇನ್ಸುಲಿನ್‌ಗಳಂಥ ಪ್ರಬಲ ಔಷಧಗಳ ಶಕ್ತಿಯನ್ನು ಒಂದು ಅಳತೆಗೆ ತರುವುದು ಅವರ ಸೀಮಿತ ಉದ್ದೇಶವಾಗಿತ್ತು. ಕಾಲಕ್ರಮದಲ್ಲಿ ಅದು ಎಲ್ಲ ಬಗೆಯ ರಾಸಾಯನಿಕಗಳಿಗೂ ಕಡ್ಡಾಯದ ವಿಧಿಯಂತಾಯಿತು. 1981ರಲ್ಲಿ ಓಇಸಿಡಿ ಸಂಸ್ಥೆಯ 401ನೆಯ ಮಾರ್ಗಸೂಚಿಯಾಗಿ ಅಂತರರಾಷ್ಟ್ರೀಯ ಮುದ್ರೆಯನ್ನೂ ಪಡೆಯಿತು. ಕೊನೆಗೆ 2002ರಲ್ಲಿ ಆ ಸಂಸ್ಥೆಯೇ ಅದನ್ನು ಕೈಬಿಟ್ಟು, ಒಂದು ಹಂತಕ್ಕೆ ಮೂರೇ ಪ್ರಾಣಿಗಳು ಸಾಕೆನ್ನುವಂಥ ಪದ್ಧತಿಗಳನ್ನು ಉಳಿಸಿಕೊಂಡಿತು. ಮುಕ್ಕಾಲು ಶತಮಾನ ಅನಿವಾರ್ಯವೆಂದು ಹೇಳಲಾದ ಹಿಂಸೆಯ ಬಹುಭಾಗವು ಅನಿವಾರ್ಯವಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ಈ ಪರಿವರ್ತನೆಯ ಹಿಂದೆ ಒಂದು ಪುಸ್ತಕವಿದೆ. ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಬರೆದು 1959ರಲ್ಲಿ ಲಂಡನ್ನಿನಿಂದ ಪ್ರಕಟವಾದ 'ದಿ ಪ್ರಿನ್ಸಿಪಲ್ಸ್ ಆಫ್ ಹ್ಯೂಮೇನ್ ಎಕ್ಸ್‌ಪೆರಿಮೆಂಟಲ್ ಟೆಕ್ನಿಕ್' ಎಂಬುದೇ ಆ ಗ್ರಂಥ. ಪ್ರಾಣಿಯ ಬದಲು ಬೇರೆ ಸಾಧನ, ಪ್ರಾಣಿಗಳ ಸಂಖ್ಯೆಯಲ್ಲಿ ಇಳಿಕೆ, ನೋವಿನಲ್ಲಿ ಇಳಿಕೆ ಎಂಬ ಮೂರು ಸೂತ್ರಗಳನ್ನು ಅವರು ಮುಂದಿಟ್ಟರು. ಇಂದು ಜಗತ್ತಿನ ಪ್ರಯೋಗಶಾಲೆಗಳ ನೀತಿಸಂಹಿತೆಗಳು ಈ ಸೂತ್ರಗಳ ಮೇಲೆಯೇ ನಿಂತಿವೆ. ಭಾರತದ ನಿಯಂತ್ರಣ ಸಮಿತಿಯು ಪ್ರಯೋಗಾನಂತರದ ಪುನರ್ವಸತಿಯೆಂಬ ನಾಲ್ಕನೆಯ ಸೂತ್ರವನ್ನೂ ಸೇರಿಸಿತು. ಇಷ್ಟು ಪ್ರಭಾವಶಾಲಿಯಾದ ಗ್ರಂಥವನ್ನು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ನಮ್ಮ ಒರೆಗಲ್ಲಿನ ಮೇಲೆ ತಿಕ್ಕಿ ನೋಡುವುದು ಯುಕ್ತ.

ಮೊದಲು ಗುಣವನ್ನು ಹೇಳೋಣ. ಗ್ರಂಥಕಾರರು ಪ್ರಯೋಗಶಾಲೆಯ ಕ್ರೌರ್ಯವನ್ನು ಎರಡಾಗಿ ವಿಂಗಡಿಸುತ್ತಾರೆ. ಪ್ರಯೋಗವು ಮಾಡಿದಂತೆಯೇ ನಡೆದರೂ ತಪ್ಪದ ನೋವು ಒಂದು; ಪ್ರಯೋಗಕ್ಕೆ ಬೇಕಿಲ್ಲದಿದ್ದರೂ ಅಲಕ್ಷ್ಯದಿಂದ, ಅಕೌಶಲದಿಂದ ಉಂಟಾಗುವ ನೋವು ಇನ್ನೊಂದು. ಎರಡನೆಯದು ನಮ್ಮ ಆಚಾರ್ಯರು ಪ್ರಮಾದವೆಂದೂ ಅನರ್ಥದಂಡವೆಂದೂ ಗುರುತಿಸಿದ ದೋಷಕ್ಕೆ ಬಹು ಸಮೀಪದ್ದು. ಜೈನಶಾಸ್ತ್ರದ ಪರಿಚಯದ ಕುರುಹಿಲ್ಲದ ಇಬ್ಬರು ಆಂಗ್ಲ ವಿದ್ವಾಂಸರು ಕೇವಲ ವಿಚಾರಬಲದಿಂದ ಈ ವಿವೇಕಕ್ಕೆ ಬಂದದ್ದು ಪ್ರಶಂಸನೀಯ.

ಅವರ ಇನ್ನೊಂದು ಸೂಕ್ಷ್ಮ ಮಾತೂ ಗಮನಾರ್ಹ. ಸಸ್ತನಿಯು ಒಟ್ಟಾರೆಯಾಗಿ ಮನುಷ್ಯನನ್ನು ಹೋಲುತ್ತದೆಂಬ ಕಾರಣಕ್ಕೆ ಪ್ರತಿಯೊಂದು ಪ್ರಶ್ನೆಗೂ ಅದೇ ಉತ್ತಮ ಮಾದರಿಯೆಂದು ತಿಳಿಯುವುದು ಭ್ರಾಂತಿಯೆಂದು ಅವರು ವಾದಿಸಿದರು. ಥಾಲಿಡೊಮೈಡ್ ದುರಂತ ಬಯಲಾದದ್ದು ಅದಾದ ಎರಡು ವರ್ಷಗಳ ಮೇಲೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದು 1961ರಲ್ಲಿ ಹಿಂತೆಗೆದುಕೊಳ್ಳಲಾದ ಆ ಔಷಧದಿಂದ ಸಾವಿರಾರು ಶಿಶುಗಳು ಕೈಕಾಲುಗಳ ವೈಕಲ್ಯದೊಡನೆ ಹುಟ್ಟಿದವು. ಅನಂತರ ಗರ್ಭಿಣಿ ಪ್ರಾಣಿಗಳಿಗೆ ಕೊಟ್ಟು ನೋಡಿದಾಗ ಮೊಲಗಳ ಮರಿಗಳಲ್ಲಿ ಅಂಥ ವೈಕಲ್ಯ ಕಾಣಿಸಿಕೊಂಡಿತು. ಇಲಿಗಳು ಮಾತ್ರ ಅದನ್ನು ಬಹುತೇಕ ತೋರಲಿಲ್ಲ. ಗರ್ಭಕಾಲದ ಪರೀಕ್ಷೆಯೇ ಬೇಡವೆನ್ನಲು ಈ ಪ್ರಸಂಗವನ್ನು ಬಳಸುವುದು ಅನ್ಯಾಯ. ಪರೀಕ್ಷೆಯ ಕೊರತೆಯೂ ಆ ದುರಂತಕ್ಕೆ ಕಾರಣವಾಗಿತ್ತು. ಆದರೆ ಇಲಿಯ ಸಾಕ್ಷ್ಯವೊಂದನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲವೆಂಬುದಂತೂ ಸಿದ್ಧವಾಯಿತು.

ಇನ್ನು ಗ್ರಂಥದ ಕೊರತೆ. ಅದರ ತಕ್ಕಡಿಯಲ್ಲಿ ನೋವಿಗೆ ತೂಕವಿದೆ, ಜೀವಕ್ಕೆ ಇಲ್ಲ. ಪ್ರಾಣಿಯನ್ನು ಅರಿವಳಿಕೆಯಲ್ಲಿಟ್ಟು ಎಚ್ಚರಗೊಳ್ಳುವ ಮೊದಲೇ ಮುಗಿಸುವುದನ್ನೂ, ನೋವಿಲ್ಲದೆ ಕೊಂದು ಅದರ ಅಂಗಾಂಶವನ್ನು ಬಳಸುವುದನ್ನೂ ಗ್ರಂಥಕಾರರು ಒಂದು ಬಗೆಯ ಪರ್ಯಾಯವೆಂದೇ ಎಣಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದು ಪರ್ಯಾಯವಲ್ಲ. ಪ್ರಮಾದಯೋಗದಿಂದ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆಯೆಂಬ ತತ್ತ್ವಾರ್ಥಸೂತ್ರದ ಲಕ್ಷಣವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೋವಿಲ್ಲದ ಮರಣವು ನೋವಿನ ಮರಣಕ್ಕಿಂತ ಲೇಸು, ನಿಜ. ಸಾಲದಲ್ಲಿ ಬಡ್ಡಿಯನ್ನು ಬಿಟ್ಟ ಮಾತ್ರಕ್ಕೆ ಅಸಲು ತೀರಿತೆಂದು ಯಾವ ವರ್ತಕನೂ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.

ಎರಡನೆಯ ಕೊರತೆ ಗ್ರಂಥದ್ದಲ್ಲ, ಕಾನೂನುಗಳದ್ದು. ನಮ್ಮ 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ 17ನೆಯ ಪ್ರಕರಣವು, ಇಲಿ, ಮೊಲ, ಕಪ್ಪೆಗಳಂಥ ಸಣ್ಣ ಪ್ರಾಣಿಗಳಿಂದ ಅದೇ ಫಲ ದೊರೆಯುವಾಗ ದೊಡ್ಡ ಪ್ರಾಣಿಗಳ ಮೇಲಿನ ಪ್ರಯೋಗವನ್ನು ಸಾಧ್ಯವಾದಷ್ಟು ವರ್ಜಿಸಬೇಕೆನ್ನುತ್ತದೆ. ಅಮೆರಿಕವಂತೂ 2002ರಲ್ಲಿ ಸಂಶೋಧನೆಗೆಂದೇ ಬೆಳೆಸಿದ ಇಲಿಗಳನ್ನು ತನ್ನ ಪ್ರಾಣಿಕಲ್ಯಾಣ ಕಾನೂನಿನ 'ಪ್ರಾಣಿ' ಎಂಬ ಪದದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಆನೆಯಲ್ಲಿಯೂ ಇಲಿಯಲ್ಲಿಯೂ ಇರುವ ಜೀವವು ಸಮಪ್ರದೇಶಿ. ದೀಪವು ಕೋಣೆಯಲ್ಲಿಟ್ಟರೆ ಕೋಣೆಯನ್ನೂ ಗಡಿಗೆಯಲ್ಲಿಟ್ಟರೆ ಗಡಿಗೆಯನ್ನೂ ಬೆಳಗುವಂತೆ ಅದು ದೇಹದಷ್ಟೇ ವ್ಯಾಪಿಸುತ್ತದೆ. ಇಂದ್ರಿಯಗಳಿಂದ ತಾರತಮ್ಯ ಹೇಳುವ ನಮ್ಮ ಶಾಸ್ತ್ರವು ಗಾತ್ರದಿಂದ ತಾರತಮ್ಯ ಹೇಳುವುದಿಲ್ಲ. ಇಲಿಯೂ ಪಂಚೇಂದ್ರಿಯ ಜೀವಿ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಇಲ್ಲಿ ಸ್ಮರಿಸಬಹುದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಂಜರವು ಬಂಧ. ಗುರುತಿಗಾಗಿ ಕಿವಿಯನ್ನು ಕತ್ತರಿಸುವುದು ಛೇದ. ವಿಷವನ್ನು ಬಾಯಿಗೆ ಹಾಕುವ ಮೊದಲು ಇಲಿಯನ್ನು ಒಂದು ರಾತ್ರಿ ಉಪವಾಸವಿಡುವುದು ಅನ್ನನಿರೋಧ. ಎತ್ತು, ಕುದುರೆಗಳ ಒಡೆಯನಿಗೆ ವಿಧಿಸಿದ ಎಚ್ಚರಿಕೆಗಳು ಪ್ರಯೋಗಶಾಲೆಗೆ ಇಷ್ಟು ನೇರವಾಗಿ ಅನ್ವಯಿಸುವುದು ವಿಚಾರಾರ್ಹ.

1988ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಅಮೆರಿಕದಲ್ಲಿ ಒಂದು ಇಲಿಯ ಮೇಲೆ ಪೇಟೆಂಟ್ ದೊರೆಯಿತು. ಕ್ಯಾನ್ಸರ್ ಬೇಗ ಬರುವಂತೆ ಅದರ ವಂಶವಾಹಿಯನ್ನೇ ಬದಲಾಯಿಸಲಾಗಿತ್ತು. ರೋಗಕ್ಕೆಂದೇ ಹುಟ್ಟಿಸಿದ ಜೀವಕ್ಕೆ ನೋವನ್ನು ಇಳಿಸುವ ಸೂತ್ರವು ಎಷ್ಟರಮಟ್ಟಿಗೆ ಆಸರೆಯಾದೀತು? 1959ರ ಗ್ರಂಥಕಾರರು ಎದುರಿಸದಿದ್ದ ಈ ಪ್ರಶ್ನೆ ಇಂದು ನಮ್ಮೆದುರಿಗಿದೆ.

"ಹಾಗಾದರೆ ಔಷಧವೇ ಬೇಡವೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪುವುದಿಲ್ಲ. ಸಂಕಲ್ಪೀ ಹಿಂಸೆ ಮಾತ್ರ ಅವನಿಗೆ ಸರ್ವಥಾ ತ್ಯಾಜ್ಯ. ಪ್ರಯೋಗವನ್ನು ಉದ್ಯೋಗೀ ಹಿಂಸೆಯೆಂದು ಸಮರ್ಥಿಸುವವರೂ ಉಂಟು. ಆದರೆ ಉಳುವವನ ನೇಗಿಲಿಗೆ ಹುಳು ಸಿಕ್ಕುವುದು ಅವನ ಉದ್ದೇಶವಲ್ಲ. ಅರ್ಧ ಸಾಯುವವರೆಗೆ ವಿಷದ ಪ್ರಮಾಣವನ್ನು ಏರಿಸುತ್ತ ಹೋಗುವ ಪರೀಕ್ಷೆಯಲ್ಲಿ ಮರಣವೇ ಬಯಸಿದ ಫಲ. ಅದನ್ನು ಸಂಕಲ್ಪೀ ಎನ್ನದೆ ಗತ್ಯಂತರವಿಲ್ಲ. ಇಷ್ಟಾದರೂ ರೋಗಿಯಾದ ಮಗುವಿಗೆ ಔಷಧ ಕೊಡುವ ತಾಯಿಯನ್ನು ದೂಷಿಸುವುದು ಧರ್ಮವಲ್ಲ. ಆಯ್ಕೆ ಇರುವಲ್ಲಿ ಮಾತ್ರ ಹೊಣೆಯಿರುತ್ತದೆ, ಮತ್ತು ಆಯ್ಕೆ ಹೆಚ್ಚಾಗಿರುವುದು ಧನವಿರುವವರಿಗೆ.

ನಮ್ಮ ಟ್ರಸ್ಟುಗಳು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳನ್ನು ನಡೆಸುತ್ತ ಬಂದಿವೆ. ಔಷಧದಾನವನ್ನು ಅಭಯದಾನದ ಖಾತೆಯಿಂದ ಸಾಲ ತಂದು ಮಾಡಬಹುದೇ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ಮಾರ್ಗ ಮುಚ್ಚಿಲ್ಲ. ಭಾರತವು 2014ರಲ್ಲಿ ಸೌಂದರ್ಯಸಾಧನಗಳ ಪ್ರಾಣಿಪರೀಕ್ಷೆಯನ್ನು ನಿಷೇಧಿಸಿತು; 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಜೀವಕೋಶ ಮತ್ತು ಗಣಕಯಂತ್ರ ಆಧಾರಿತ ಪರೀಕ್ಷೆಗಳಿಗೂ ಮಾನ್ಯತೆ ನೀಡಿತು. ಇಂಥ ವಿಧಾನಗಳನ್ನು ಕಲಿಯುವ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡುವುದೂ, ವೈದ್ಯಕೀಯ ಸಂಶೋಧನೆಗೆ ದಾನ ಕೇಳಿ ಬಂದ ಸಂಸ್ಥೆಯನ್ನು "ಪ್ರಾಣಿಗಳನ್ನು ಬಳಸುತ್ತೀರಾ? ಎಷ್ಟು? ಬೇರೆ ದಾರಿ ಹುಡುಕಿದ್ದೀರಾ?" ಎಂದು ಲಿಖಿತವಾಗಿ ಕೇಳುವುದೂ ಯಾವ ಕಾರ್ಯಕಾರಿ ಸಮಿತಿಗೂ ಕಷ್ಟವಲ್ಲ. ಕೃತ, ಕಾರಿತ, ಅನುಮೋದಿತಗಳೆಂಬ ಮೂರು ದ್ವಾರಗಳಲ್ಲಿ ಹಣದ ಮೂಲಕ ತೆರೆಯುವುದು ಕೊನೆಯ ಎರಡು. ಬರುವ ವಾರ್ಷಿಕ ಸಭೆಗಳಲ್ಲಿ ಈ ಪ್ರಶ್ನೆಗಳು ಚರ್ಚೆಗೆ ಬರಲೆಂದು ಸಾಧರ್ಮಿಕ ಬಂಧುಗಳಲ್ಲಿ ವಿನಂತಿ.