ಕೀಲಿಕೈಯೊಳಗಿನ ಅಂಕಿ

ಅಪ್ಪ, ಮಗ, ಅಪ್ಪನ ಮುಂಗೈಯಲ್ಲೊಂದು ಗಡಿಯಾರ. ಜಿನೀವಾದ ಪಾಟೆಕ್ ಫಿಲಿಪ್ ಕಂಪನಿ 1996ರಲ್ಲಿ ಶುರುಮಾಡಿದ ಜಾಹೀರಾತು ಸರಣಿಯನ್ನು ಇಂಗ್ಲಿಷ್ ಪತ್ರಿಕೆಗಳಲ್ಲಿ ನೋಡಿದವರಿಗೆ ಈ ಚಿತ್ರ ನೆನಪಿರಬಹುದು. ಅದರ ಒಕ್ಕಣೆಯ ಸಾರ ಇಷ್ಟು: ಈ ಗಡಿಯಾರ ನಿಮ್ಮ ಸ್ವತ್ತಲ್ಲ, ಮುಂದಿನ ತಲೆಮಾರಿಗಾಗಿ ಜೋಪಾನ ಮಾಡುತ್ತಿದ್ದೀರಿ, ಅಷ್ಟೆ. ಸರಕು ಮಾರುವವನೇ ಮಾಲೀಕತ್ವವನ್ನು ಅಲ್ಲಗಳೆಯುವ ಈ ಮಾತಿನ ಜಾಣತನವನ್ನು ಮೆಚ್ಚಲೇಬೇಕು. ಕೊಳ್ಳುವವನ ದುಂದು ಒಂದೇ ಏಟಿಗೆ ತಂದೆಯ ಕರ್ತವ್ಯವಾಗಿಬಿಡುತ್ತದೆ.

ಆದರೆ ಹಳೆಯ ಚಿನ್ನದ ಸ್ವಿಸ್ ಕೈಗಡಿಯಾರಗಳ ಸಂಗ್ರಹದ ಲೋಕ ನಿಂತಿರುವುದು ಈ ಮಾತು ಸುಳ್ಳಾದ ಕಡೆಯಲ್ಲಿ. ಹರಾಜಿಗೆ ಬರುವುದು ಬಹುಮಟ್ಟಿಗೆ ಯಾವುದೋ ಮನೆಯ ಮುಂದಿನ ತಲೆಮಾರು ಬೇಡವೆಂದ, ಇಲ್ಲವೇ ಇಟ್ಟುಕೊಳ್ಳಲಾಗದ ಗಡಿಯಾರ. ಪರಂಪರೆ ಕಡಿದ ಜಾಗದಲ್ಲಿ ಸಂಗ್ರಹ ಶುರುವಾಗುತ್ತದೆ.

ಸಂಗ್ರಾಹಕರ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. 1970ರ ದಶಕದಲ್ಲಿ ಕ್ವಾರ್ಟ್ಜ್ ಗಡಿಯಾರ ಬಂದು ಸ್ವಿಸ್ ಉದ್ಯಮ ನೆಲಕಚ್ಚಿತು. ಸುಮಾರು 90 ಸಾವಿರ ಇದ್ದ ಕೆಲಸಗಾರರ ಸಂಖ್ಯೆ 80ರ ದಶಕದ ನಡುವಿಗೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿಯಿತು. ಅದೇ ಹೊತ್ತಿಗೆ ಚಿನ್ನ ಏರಿತು. 1976ರಲ್ಲಿ ಔನ್ಸಿಗೆ 100 ಡಾಲರಿನ ಆಸುಪಾಸಿನಲ್ಲಿದ್ದದ್ದು 1980ರ ಜನವರಿಯಲ್ಲಿ 850 ಮುಟ್ಟಿತು. ಯಂತ್ರವನ್ನು ಕಿತ್ತು ಬದಿಗಿಟ್ಟು ಕೇಸನ್ನು ಕರಗಿಸುವುದು ಲಾಭದ ಕೆಲಸವಾಯಿತು. ಹಳೆಯ ಒಡವೆಯನ್ನು ಅಂಗಡಿಗೆ ಒಯ್ದ ನಮ್ಮಮ್ಮಂದಿರಿಗೆ ಈ ಲೆಕ್ಕ ಗೊತ್ತು: ತೂಕಕ್ಕೆ ಬೆಲೆ, ಮಜೂರಿ ಲೆಕ್ಕಕ್ಕಿಲ್ಲ. ಕರಗಿ ಹೋಗುತ್ತಿದ್ದ ಕಾಲದಲ್ಲಿ, ಇದರ ಬೆಲೆ ಇದರ ತೂಕಕ್ಕಿಂತ ಹೆಚ್ಚು ಎಂದವರು ಸಂಗ್ರಾಹಕರು. ಮುಂದೆ ಆಂಟಿಕೋರಮ್ ಆದ ಹರಾಜು ಸಂಸ್ಥೆ 1974ರಲ್ಲಿ ಜಿನೀವಾದಲ್ಲಿ ಹುಟ್ಟಿತು. 1989ರಲ್ಲಿ ಅದು ಪಾಟೆಕ್ ಗಡಿಯಾರಗಳಿಗೆಂದೇ ಒಂದು ಹರಾಜು ನಡೆಸಿತು. ಮಜೂರಿಗೂ ಬೆಲೆ ಬಂತು.

ನನ್ನ ತಕರಾರು ಇರುವುದು ಆ ಬೆಲೆಯನ್ನು ಕಟ್ಟುವ ಬಗೆಯಲ್ಲಿ. 1995ಕ್ಕಿಂತ ಹಿಂದಿನ 18 ಕ್ಯಾರಟ್ ಸ್ವಿಸ್ ಕೇಸಿನ ಮೇಲೆ ಹೆಲ್ವೇಷಿಯಾ ಎಂಬ ಹೆಣ್ಣಿನ ಪುಟ್ಟ ತಲೆಯ ಮುದ್ರೆ ಇರುತ್ತದೆ. 14 ಕ್ಯಾರಟ್ ಆದರೆ ಅಳಿಲು. ಚಿನ್ನ ಮೆದು. ಪ್ರತಿ ಪಾಲಿಶ್‌ಗೂ ಒಂದಿಷ್ಟು ಲೋಹ ಸವೆದು ಮುದ್ರೆ ಮಸುಕಾಗುತ್ತದೆ, ಪಟ್ಟಿ ಸೇರುವ ಕೊಂಬುಗಳ ಅಂಚು ಮೊಂಡಾಗುತ್ತದೆ. ಸಂಗ್ರಾಹಕ ಭೂತಗನ್ನಡಿ ಹಿಡಿದು ಮೊದಲು ನೋಡುವುದು ಇದನ್ನೇ. ಹಾಗಾದರೆ ಗಡಿಯಾರವನ್ನು ದಿನಾ ಕಟ್ಟಿಕೊಂಡವನು, ಆಗಾಗ ಪಾಲಿಶ್ ಮಾಡಿಸಿದವನು, ಕೊನೆಗೆ ಮಗನಿಗೆ ಹೊಸದರಂತೆ ಹೊಳೆಯಿಸಿ ಕೊಟ್ಟವನು, ಅಂದರೆ ಜಾಹೀರಾತಿನ ಅದೇ ಅಪ್ಪ, ಮಾರುಕಟ್ಟೆಯ ಕಣ್ಣಲ್ಲಿ ವಸ್ತುವನ್ನು ಕೆಡಿಸಿದವನು. ಕಪಾಟಿನಲ್ಲಿಟ್ಟು ಮರೆತವನೇ ಒಳ್ಳೆಯ ಪಾಲಕ. ಕಾಲವನ್ನು ಅಳೆಯುವ ವಸ್ತುವಿನ ಮೈಮೇಲೆ ಬಾಳಿದ ಕಾಲದ ಗುರುತೇ ಇರಬಾರದು!

ಕಡೆಗೆ ಚಿನ್ನವೂ ಗೆಲ್ಲುವುದಿಲ್ಲ. ಪಾಟೆಕ್ 1941ರಲ್ಲಿ ತಂದ 1518 ಎಂಬ ಮಾದರಿಯಲ್ಲಿ ಸ್ಟಾಪ್‌ವಾಚ್ ಇದೆ, ಅಧಿಕ ವರ್ಷದ ಲೆಕ್ಕವನ್ನೂ ತಾನೇ ಹಿಡಿಯುವ ಕ್ಯಾಲೆಂಡರ್ ಇದೆ. ಸುಮಾರು 280 ತಯಾರಾದವು, ಹೆಚ್ಚಿನವು ಚಿನ್ನದವು. ಅವುಗಳ ನಡುವೆ ಬೆರಳೆಣಿಕೆಯಷ್ಟಿರುವ ಉಕ್ಕಿನವುಗಳಲ್ಲಿ ಒಂದು 2016ರಲ್ಲಿ ಜಿನೀವಾದಲ್ಲಿ 1.1 ಕೋಟಿ ಸ್ವಿಸ್ ಫ್ರಾಂಕ್‌ಗೆ ಹೋಯಿತು. ಲೋಹದ ತೂಕವನ್ನು ಮೀರಿದ ಬೆಲೆ ಕೈಕೆಲಸಕ್ಕೆ ಸಿಕ್ಕಿತು ಎಂದುಕೊಂಡಿದ್ದೆವು. ಅದು ಸಿಕ್ಕಿದ್ದು ಅಪರೂಪಕ್ಕೆ. ಉಕ್ಕಿನ ಗಡಿಯಾರದ ಒಳಗಿರುವುದೂ ಅದೇ ಯಂತ್ರ, ಅದೇ ಕೆಲಸ.

ಆ ಯಂತ್ರವಾದರೂ ಯಾರದು? 1518ರ ಯಂತ್ರದ ಕಚ್ಚಾ ರೂಪ ಬಂದದ್ದು ವಾಲ್ಜೂ ಎಂಬ ಬೇರೊಂದು ಕಾರ್ಖಾನೆಯಿಂದ. ಅದನ್ನು ಪಾಟೆಕ್‌ನವರು ತಿದ್ದಿ, ಬೆಳೆಸಿ, ನಯಗೊಳಿಸಿದರು. ಕೇಸು ಹೊರಗಿನ ಕಾರ್ಯಾಗಾರದ್ದು. ಡಯಲ್ ಸ್ಟರ್ನ್ ಸಹೋದರರ ಸಂಸ್ಥೆಯದು; ಡಯಲ್ ಒದಗಿಸುತ್ತಿದ್ದ ಆ ಮನೆತನವೇ 1932ರಲ್ಲಿ ಪಾಟೆಕ್ ಕಂಪನಿಯನ್ನು ಕೊಂಡಿತು ಎನ್ನುವುದು ಈ ಚರಿತ್ರೆಯ ಸೊಗಸಾದ ತಿರುವು. ಹಲವು ಕೈಗಳ ಕೃತಿಗೆ ಡಯಲ್ ಮೇಲೆ ಒಂದೇ ಅಂಕಿತ.

ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಇನ್ನೊಂದು ಮುದ್ರೆ ಕಾಣುತ್ತದೆ: ಸಣ್ಣದೊಂದು ಕೀಲಿಕೈ, ಅದರೊಳಗೊಂದು ಅಂಕಿ. ಜಿನೀವಾದ ಕೇಸು ತಯಾರಕರ ಗುರುತು ಅದು. ಯಾವ ಅಂಕಿ ಯಾವ ಕಾರ್ಯಾಗಾರದ್ದು ಎಂದು ಹಳೆಯ ದಾಖಲೆ ಕೆದಕಿ ಪಟ್ಟಿ ಮಾಡಿ ಹಂಚಿಕೊಂಡವರೂ ಸಂಗ್ರಾಹಕರೇ. ಈ ಹವ್ಯಾಸ ಕೊಟ್ಟ ಅತಿ ಒಳ್ಳೆಯ ಓದು ಇದು ಎನ್ನುವುದು ನನ್ನ ಅನಿಸಿಕೆ. ಆದರೆ ಹರಾಜಿನ ಕ್ಯಾಟಲಾಗಿನಲ್ಲಿ ಆ ಅಂಕಿ ಅಸಲಿತನದ ಪುರಾವೆಯಾಗಿ ಒಂದು ಸಾಲಿಗೆ ಮುಗಿಯುತ್ತದೆ. ಗಡಿಯಾರ ಯಾವ ರಾಜನದು, ಯಾವ ಬ್ಯಾಂಕರ್‌ನದು ಎಂಬುದಕ್ಕೆ ಪುಟಗಟ್ಟಲೆ ಜಾಗ ಇರುತ್ತದೆ.

ಕಟ್ಟಿಕೊಂಡವರ ಚರಿತ್ರೆ ಬೇಡವೆನ್ನುವುದಿಲ್ಲ. ಮಾಡಿದವರದಕ್ಕೂ ಅಷ್ಟೇ ಜಾಗ ಸಿಗಲಿ. ಮುಂದಿನ ತಲೆಮಾರಿಗೆ ದಾಟಿಸುವ ಮಾತು ನಿಜವೇ ಆದರೆ, ಗಡಿಯಾರದ ಜೊತೆಗೆ ಆ ಅಂಕಿಯ ಹಿಂದಿನ ಜನರನ್ನೂ ದಾಟಿಸಬೇಕು.